ಮೂರನೇ ಬಟ್ಟಲು: ಪುಟ್ಟ ಮಕ್ಕಳಿಗೆ ವಿಂಗಡಿಸುವುದನ್ನು ಕಲಿಸುವ ಬಗೆ

ಅವರೆಕಾಯಿ ಕಾಲ ಬಂತೆಂದರೆ ಹಾಸನದ ಕಡೆ ಮನೆಮನೆಯಲ್ಲೂ ಮೊರದ ಸುತ್ತ ದೊಡ್ಡವರು ಕೂತು ಕಾಯಿ ಸುಲಿಯುತ್ತಿರುತ್ತಾರೆ. ಮೂರು ವರ್ಷದ ಮಗು ನಡುವೆ ನುಗ್ಗಿ ಕಾಳು, ಸಿಪ್ಪೆ ಎರಡನ್ನೂ ಕಲಸಿಬಿಟ್ಟರೆ ಅದನ್ನೆತ್ತಿ ಆಚೆ ಕೂರಿಸುತ್ತಾರೆ. ಕೂರಿಸಬೇಕಾದ ಜಾಗ ಮೊರದ ಪಕ್ಕವೇ. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ, ಹುಳು ಹಿಡಿದದ್ದು ಮತ್ತೊಂದು ಕಡೆ ಹೋಗುವುದನ್ನು ಕಣ್ಣಾರೆ ಕಂಡು ಕೈಯಾರೆ ಮಾಡುವ ಅವಕಾಶ ಅಂಗಡಿಯ ಯಾವ ಆಟಿಕೆಯಲ್ಲೂ ಸಿಗುವುದಿಲ್ಲ.

ವಿಂಗಡಿಸುವುದು ದೊಡ್ಡವರಿಗೆ ಉಸಿರಾಟದಷ್ಟು ಸಹಜ. ಹಾಗಾಗಿ ಅದರ ಕಷ್ಟ ನಮಗೆ ಕಾಣುವುದಿಲ್ಲ. ಒಂದು ಕೆಂಪು ದುಂಡು ಗುಂಡಿಗೆ ಬಣ್ಣವಿದೆ, ಆಕಾರವಿದೆ, ಗಾತ್ರವಿದೆ, ನಾಲ್ಕು ತೂತಿವೆ, ನುಣುಪಿದೆ. ಇಷ್ಟರಲ್ಲಿ ಒಂದನ್ನು ಮಾತ್ರ ಹಿಡಿದು ಉಳಿದದ್ದನ್ನು ಸದ್ಯಕ್ಕೆ ಬದಿಗಿಡಬೇಕು. ಹಿಡಿದದ್ದನ್ನು ರಾಶಿ ಮುಗಿಯುವವರೆಗೂ ಬಿಡಬಾರದು. ಮಗುವಿಗೆ ಈ ಎರಡೂ ಹೊಸ ಕೆಲಸಗಳು. ಮುಂದೆ ಲೆಕ್ಕ ಕಲಿಯುವಾಗ ‘ಐದು’ ಎಂಬುದು ಐದು ಬೆರಳಿಗೂ ಐದು ಬಾಳೆಹಣ್ಣಿಗೂ ಒಂದೇ ಎಂದು ತಿಳಿಯುವುದಕ್ಕೆ, ಓದು ಕಲಿಯುವಾಗ ‘ಪ’ ಮತ್ತು ‘ಷ’ ಬೇರೆ ಎಂದು ಗುರುತಿಸುವುದಕ್ಕೆ ಬೇಕಾಗುವುದು ಇದೇ ಶಕ್ತಿ.

ಕನ್ನಡ ಮಾತಾಡುವ ಮಗು ಈ ಕೆಲಸವನ್ನು ನಾಲಿಗೆಯಲ್ಲಿ ಆಗಲೇ ಶುರುಮಾಡಿರುತ್ತದೆ. ಮೂರು ಹಸು ಎನ್ನುತ್ತೇವೆ, ಆದರೆ ಮೂವರು ಹುಡುಗರು. ಬಸ್ಸು ‘ಬಂತು’, ಅಜ್ಜಿ ‘ಬಂದಳು’. ಮನುಷ್ಯರನ್ನೂ ಉಳಿದ ಲೋಕವನ್ನೂ ಬೇರೆಬೇರೆ ಬುಟ್ಟಿಗೆ ಹಾಕದೆ ಒಂದು ವಾಕ್ಯವನ್ನೂ ಸರಿಯಾಗಿ ಮುಗಿಸಲಾಗದ ಭಾಷೆ ನಮ್ಮದು. ಯಾರೂ ವ್ಯಾಕರಣ ಹೇಳಿಕೊಡದೆ ಮಗು ಇದನ್ನು ಹಿಡಿಯುತ್ತದೆ. ವಸ್ತುಗಳನ್ನು ಬೇರೆಬೇರೆ ಬಟ್ಟಲಿಗೆ ಹಾಕುವ ಆಟ ಅದನ್ನು ಕೈಗೆ ಇಳಿಸುತ್ತದೆ, ಅಷ್ಟೆ.

ಮೊದಲು, ಯಾವ ವಸ್ತು ಕೊಡಬಾರದು

ಕಾಳು, ಬೀಜಗಳ ಆಟ ಶುರುಮಾಡುವ ಮುನ್ನ ಇದನ್ನು ಓದಿಕೊಳ್ಳಿ. 3 ವರ್ಷ ತುಂಬದ ಮಗುವಿಗೆ, ಮತ್ತು ಎಷ್ಟೇ ವಯಸ್ಸಾದರೂ ಸಿಕ್ಕಿದ್ದನ್ನು ಬಾಯಿಗಿಡುವ ಅಭ್ಯಾಸ ಬಿಡದ ಮಗುವಿಗೆ, ಚಿಕ್ಕ ವಸ್ತು ಬೇಡ. ಆಟಿಕೆಗಳನ್ನು ಪರೀಕ್ಷಿಸುವವರು 31.7 ಮಿಲಿಮೀಟರ್ ಅಡ್ಡಳತೆಯ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವುದೆಲ್ಲ ಗಂಟಲಿಗೆ ಸಿಕ್ಕಿಕೊಳ್ಳಬಲ್ಲದು ಎಂದು ಲೆಕ್ಕ. ಮನೆಯಲ್ಲಿ ಇನ್ನೂ ಸ್ವಲ್ಪ ಬಿಗಿಯಾಗಿರಿ: ಮಗುವಿನ ಮುಷ್ಟಿಯೊಳಗೆ ಪೂರ್ತಿ ಮರೆಯಾಗುವ ವಸ್ತುವನ್ನು ಕೊಡಬೇಡಿ. ಕಡಲೆಕಾಯಿ ಬೀಜ, ಕಡಲೆಕಾಳು, ಅಡಕೆ ಚೂರು, ಕಾಫಿ ಹಣ್ಣು, ಗೋಲಿ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ.

ಮೂಗು, ಕಿವಿಗಳ ವಿಷಯವೂ ಇದೆ. ಕಾಳನ್ನು ಮೂಗಿಗೆ ತೂರಿಸಿಕೊಳ್ಳುವುದು ಮಕ್ಕಳಲ್ಲಿ ಸಾಮಾನ್ಯ. ಹಾಗಾದರೆ ನೀರು ಬಿಡಬೇಡಿ, ಕಡ್ಡಿಯಿಂದ ತೆಗೆಯಲು ಹೋಗಬೇಡಿ. ಕಾಳು ನೀರು ಕುಡಿದು ಉಬ್ಬುತ್ತದೆ, ಕಡ್ಡಿ ಅದನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ನೇರ ವೈದ್ಯರ ಬಳಿಗೆ ಹೋಗಿ.

ಅಳಗುಳಿಮಣೆಯ ಜೊತೆಗೆ ಹಳೆಯ ಡಬ್ಬಿಗಳಲ್ಲಿ ಗುಲಗಂಜಿ ಇರುವುದುಂಟು. ಕೆಂಪು ಮೈ, ಕಪ್ಪು ಚುಕ್ಕೆ. ಬಣ್ಣ ಬೇರ್ಪಡಿಸಲು ಇದಕ್ಕಿಂತ ಚೆಂದದ್ದಿಲ್ಲ ಅನ್ನಿಸುತ್ತದೆ. ಅಗಿದು ನುಂಗಿದರೆ ಅದು ಪ್ರಾಣಕ್ಕೇ ಕುತ್ತು ತರುವ ವಿಷ. ಹರಳುಬೀಜವೂ ಹಾಗೆಯೇ. ಹೂವು ವಿಂಗಡಿಸುವಾಗ ಕಣಗಲೆ ಬೇಡ, ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಸೇವಂತಿಗೆ, ಚೆಂಡುಹೂ, ದಾಸವಾಳ ಬೇಕಾದಷ್ಟಿವೆ.

ಒಂದೂವರೆಯಿಂದ ಎರಡೂವರೆ: ಜೋಡಿ ಮಾಡುವ ಕಾಲ

ಈ ವಯಸ್ಸಿನಲ್ಲಿ ‘ಗುಂಪು’ ಇನ್ನೂ ಬೇಡ. ಒಂದರಂತೆ ಇನ್ನೊಂದನ್ನು ಹುಡುಕುವುದೇ ಸಾಕು. ಮೂರು ಚಮಚ, ಮೂರು ಲೋಟ ತೆಗೆದುಕೊಳ್ಳಿ. ಎರಡು ಅಗಲವಾದ ತಟ್ಟೆಯಿಡಿ. ಒಂದರಲ್ಲಿ ನೀವೇ ಒಂದು ಚಮಚ, ಇನ್ನೊಂದರಲ್ಲಿ ಒಂದು ಲೋಟ ಇಟ್ಟುಬಿಡಿ. ಉಳಿದ ನಾಲ್ಕನ್ನು ಒಂದೊಂದಾಗಿ ಮಗುವಿನ ಕೈಗೆ ಕೊಡಿ. “ಇದು ಯಾರ ಜೊತೆ ಹೋಗುತ್ತೆ?” ಎಂದಷ್ಟೇ ಕೇಳಿ. ಹೆಸರು ಹೇಳಿಸುವ ಆತುರ ಬೇಡ.

ಆರು ವಸ್ತು, ಐದು ನಿಮಿಷ. ಅದಕ್ಕಿಂತ ಹೆಚ್ಚಾದರೆ ತಟ್ಟೆ ಬಡಿಯುವ ಆಟ ಶುರುವಾಗುತ್ತದೆ. ಒಗೆದ ಬಟ್ಟೆ ಮಡಿಸುವಾಗ ಕಾಲುಚೀಲದ ಜೋಡಿ ಹುಡುಕಿಸುವುದು, ಹೊರಗೆ ಬಿಟ್ಟ ಚಪ್ಪಲಿಗಳನ್ನು ಜೋಡಿ ಮಾಡಿಸುವುದು ಇದೇ ಪಾಠ. ಚಪ್ಪಲಿಯಲ್ಲಿ ಎಡ, ಬಲ ನೋಡಬೇಡಿ, ಅದು ಇನ್ನೂ ದೂರದ ಮಾತು.

ಎರಡು ಬಟ್ಟಲು, ಒಂದೇ ನಿಯಮ

3 ವರ್ಷದ ಹೊತ್ತಿಗೆ ಮಗು ಒಂದು ಗುಣ ಹಿಡಿದು ಬೇರೆ ಮಾಡಬಲ್ಲದು. ಆದರೆ ನೀವು ಕೊಡುವ ವಸ್ತುಗಳು ಆ ಒಂದು ಗುಣದಲ್ಲಿ ಮಾತ್ರ ಬೇರೆಯಾಗಿರಬೇಕು. ಇಲ್ಲೇ ಹೆಚ್ಚು ಮನೆಗಳಲ್ಲಿ ಆಟ ಕೆಡುವುದು. ಅಂಗಡಿಯ ಪ್ಲಾಸ್ಟಿಕ್ ಬಿಲ್ಲೆಗಳ ಡಬ್ಬಿಯಲ್ಲಿ ನಾಲ್ಕು ಬಣ್ಣ, ನಾಲ್ಕು ಆಕಾರ, ಎರಡು ಗಾತ್ರ ಒಟ್ಟಿಗೆ ಬರುತ್ತವೆ. ಅಷ್ಟನ್ನೂ ಸುರಿದು “ಕೆಂಪನ್ನೆಲ್ಲ ತೆಗಿ” ಎಂದರೆ ಮಗು ಮೊದಲು ಕೆಂಪು ಚೌಕ ತೆಗೆಯುತ್ತದೆ, ಆಮೇಲೆ ಚೌಕ ಎಂದು ನೀಲಿ ಚೌಕ ತೆಗೆಯುತ್ತದೆ, ಆಮೇಲೆ ನೀಲಿ ಎಂದು ನೀಲಿ ತ್ರಿಕೋನ. ಪ್ರತಿ ಹೆಜ್ಜೆಗೂ ಅದರ ಬಳಿ ಕಾರಣವಿದೆ. ಕಾರಣ ಜಾರುತ್ತಾ ಹೋಗುತ್ತದೆ. ಡಬ್ಬಿಯಿಂದ ಚೌಕಗಳನ್ನು ಮಾತ್ರ, ಅದರಲ್ಲೂ ಎರಡೇ ಬಣ್ಣದವನ್ನು ಆರಿಸಿ ಕೊಟ್ಟರೆ ಅದೇ ಮಗು ಸರಿಯಾಗಿ ಮಾಡುತ್ತದೆ.

ಕಾಫಿ ಕಣವಿರುವ ಮನೆಗಳಲ್ಲಿ ಅರೇಬಿಕಾ ಕುಯ್ಲಿನ ದಿನಗಳು, ಅಂದರೆ ನವೆಂಬರ್‌ನಿಂದ ಜನವರಿ, ಈ ಪಾಠಕ್ಕೆ ಹೇಳಿ ಮಾಡಿಸಿದ ಕಾಲ. ಒಂದೇ ಗಾತ್ರ, ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಹೀಗೆ ಮಾಡಿ:

1. ಕುಕ್ಕೆಯಿಂದ 6 ಕೆಂಪು ಹಣ್ಣು, 6 ಹಸಿರು ಕಾಯಿ ಆರಿಸಿ ಚೆನ್ನಾಗಿ ತೊಳೆಯಿರಿ. ತೋಟಕ್ಕೆ ಬೋರ್ಡೋ ದ್ರಾವಣವನ್ನೋ ಕೀಟನಾಶಕವನ್ನೋ ಹೊಡೆದಿರುತ್ತಾರೆ. ಆಟ ಮುಗಿದ ಮೇಲೆ ಮಗುವಿನ ಕೈಯನ್ನೂ ಸೋಪಿನಿಂದ ತೊಳೆಸಿ.

2. ಮೊರದಲ್ಲಿ ಹನ್ನೆರಡನ್ನೂ ಬೆರೆಸಿ ಹರಡಿ. ಅದರ ಮುಂದೆ ಒಂದೇ ಥರದ, ಬಣ್ಣವಿಲ್ಲದ ಎರಡು ಸ್ಟೀಲ್ ಬಟ್ಟಲು ಇಡಿ. ಬಟ್ಟಲೇ ಕೆಂಪಾಗಿದ್ದರೆ ಮಗು ಬಟ್ಟಲನ್ನು ನೋಡುತ್ತದೆ, ಹಣ್ಣನ್ನು ನೋಡುವುದಿಲ್ಲ.

3. ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂರಿ. ಎದುರಿಗೆ ಕೂತರೆ ಮಗು ನಿಮ್ಮ ಮುಖ ನೋಡಿ ಉತ್ತರ ಹುಡುಕುತ್ತದೆ.

4. ನೀವೇ ಎರಡು ಹಾಕಿ, ಬಾಯಿಬಿಟ್ಟು ಹೇಳುತ್ತಾ: “ಇದು ಕೆಂಪು, ಇಲ್ಲಿಗೆ. ಇದು ಹಸಿರು, ಅಲ್ಲಿಗೆ.” ಮೂರನೆಯದನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುವುದು ದೊಡ್ಡವರಿಗೆ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ.

5. ತಪ್ಪು ಬಟ್ಟಲಿಗೆ ಬಿದ್ದರೆ ‘ತಪ್ಪು’ ಎನ್ನಬೇಡಿ, ನೀವೇ ಎತ್ತಿ ಸರಿಪಡಿಸಲೂ ಬೇಡಿ. ಎಲ್ಲ ಮುಗಿದ ಮೇಲೆ ಆ ಬಟ್ಟಲನ್ನು ಮೊರಕ್ಕೆ ಮೆಲ್ಲಗೆ ಸುರಿದು “ಇವರೆಲ್ಲ ಒಂದೇ ಥರ ಇದ್ದಾರಾ ನೋಡು” ಎನ್ನಿ. ಆರು ಕೆಂಪಿನ ನಡುವೆ ಒಂದು ಹಸಿರು ಕೂತಿದ್ದರೆ ಹೆಚ್ಚಿನ ಮಕ್ಕಳು ತಾವೇ ಕಂಡುಹಿಡಿಯುತ್ತಾರೆ.

6. ಕೊನೆಗೆ ಒಂದೇ ಪ್ರಶ್ನೆ: “ಇವನ್ನೆಲ್ಲ ಯಾಕೆ ಒಂದೇ ಕಡೆ ಹಾಕಿದೆ?” “ಕೆಂಪು” ಎಂದರೆ ಸರಿ. “ನಂಗಿಷ್ಟ” ಎಂದರೂ ಸರಿ. ಅದೂ ಒಂದು ನಿಯಮವೇ. ಉತ್ತರ ಬರದಿದ್ದರೆ ನೀವು ಹೇಳಿ ಮುಗಿಸಿ.

ಎಲ್ಲ ಸರಿಯಾಗಿ ಬೇರೆ ಮಾಡಿದ ಮರುಗಳಿಗೆ ಮಗು ಎರಡೂ ಬಟ್ಟಲನ್ನು ಮತ್ತೆ ಮೊರಕ್ಕೆ ಬಗ್ಗಿಸುವುದುಂಟು. ಬೈಯಬೇಡಿ. ಮತ್ತೊಮ್ಮೆ ಮಾಡಬೇಕೆಂಬ ಆಸೆ ಅದು.

ಬಣ್ಣದ ಹೆಸರು ಗೊತ್ತಿಲ್ಲದಿರುವುದು ಬೇರೆ, ಬಣ್ಣ ಬೇರೆ ಮಾಡಲಾಗದಿರುವುದು ಬೇರೆ. ಹಸಿರನ್ನು ‘ಕೆಂಪು’ ಎನ್ನುತ್ತಲೇ ಸರಿಯಾದ ಬಟ್ಟಲಿಗೆ ಹಾಕುವ ಮಗುವಿಗೆ ವಿಂಗಡಣೆ ಬಂದಿದೆ, ಹೆಸರು ಮಾತ್ರ ಬರಬೇಕು. ಆಕಾರ, ಗಾತ್ರ ಎಲ್ಲವನ್ನೂ ಚೆನ್ನಾಗಿ ಬೇರೆ ಮಾಡುವ 4–5 ವರ್ಷದ ಮಗು, ಅದರಲ್ಲೂ ಗಂಡುಮಗು, ಕೆಂಪು ಹಸಿರನ್ನು ಮಾತ್ರ ಮತ್ತೆ ಮತ್ತೆ ಬೆರೆಸುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಬಣ್ಣಗುರುಡು ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಅದು ಗೊತ್ತಿಲ್ಲದೆ ಮಗುವನ್ನು ದಡ್ಡ ಎಂದುಬಿಡುವುದು ದೊಡ್ಡ ಅನ್ಯಾಯ.

ಇನ್ನು ಮೂರನೇ ಬಟ್ಟಲು

ಎರಡು ಬಟ್ಟಲಿನ ಆಟ ನಾಲ್ಕೈದು ದಿನ ಸಲೀಸಾದ ಮೇಲೆ ಮೊರಕ್ಕೆ ಎರಡು ದೋರುಗಾಯಿ ಸೇರಿಸಿ, ಒಂದು ಮಗ್ಗುಲು ಹಳದಿ, ಒಂದು ಮಗ್ಗುಲು ನಸುಗೆಂಪು ಇರುವಂಥವು. ಬಟ್ಟಲು ಎರಡೇ ಇದ್ದರೆ ಮಗು ಅದನ್ನು ಎಲ್ಲೋ ಒಂದು ಕಡೆ ಎಸೆಯುತ್ತದೆ, ಇಲ್ಲವೇ ಕೈಯಲ್ಲೇ ಹಿಡಿದು ಕೂರುತ್ತದೆ. ಈಗ ಖಾಲಿಯಾದ ಮೂರನೇ ಬಟ್ಟಲನ್ನು ತಂದಿಡಿ. “ಎಲ್ಲಿಗೂ ಸೇರದ್ದು ಇಲ್ಲಿರಲಿ” ಎಂದು ಹೇಳಿ.

ನಮ್ಮ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಬಟ್ಟಲನ್ನು ನೆನಪಿಡಿ. ಕೆಂಪು, ಹಸಿರು ಬಟ್ಟಲುಗಳನ್ನು ಕಣ್ಣು ತುಂಬಿಸುತ್ತದೆ. ಮೂರನೆಯದನ್ನು ಬುದ್ಧಿ ತುಂಬಿಸಬೇಕು. ಇಲ್ಲಿಗೆ ಬಂದದ್ದನ್ನು ಎತ್ತಿ ಹಿಡಿದು ತಿರುಗಿಸಿ ನೋಡುತ್ತಾ ಮಗು ಹೇಳುವ ಮಾತು, “ಇದು ಸ್ವಲ್ಪ ಕೆಂಪು, ಇನ್ನೂ ಹಣ್ಣಾಗಿಲ್ಲ” ಎನ್ನುವಂಥದ್ದು, ಸರಿಯಾಗಿ ತುಂಬಿದ ಎರಡು ಬಟ್ಟಲಿಗಿಂತ ದೊಡ್ಡದು. ಎರಡೇ ಬಟ್ಟಲಿದ್ದಾಗ ಎಲ್ಲಿಡಬೇಕೋ ತಿಳಿಯದೆ ಅಳುವ ಮಗುವೂ ಮೂರನೆಯದು ಬಂದ ಮೇಲೆ ನಿರಾಳವಾಗುತ್ತದೆ. ಗೊತ್ತಿಲ್ಲ ಎನ್ನುವುದಕ್ಕೂ ಒಂದು ಜಾಗ ಸಿಕ್ಕಿತಲ್ಲ.

ಒಂದು ಎಚ್ಚರ. ಮೊದಲ ದಿನವೇ ಮೂರು ಬಟ್ಟಲು ಇಟ್ಟರೆ ಎಲ್ಲವೂ ಮೂರನೆಯದಕ್ಕೇ ಹೋಗುತ್ತದೆ. ಹಾಗೆಯೇ ಎಲ್ಲಿಗೂ ಸೇರದ ವಸ್ತು ಹನ್ನೆರಡಕ್ಕೆ ಎರಡು ಸಾಕು. ಐದಾರು ಸೇರಿಸಿದರೆ ನಿಯಮವೇ ಕರಗಿಹೋಗುತ್ತದೆ.

ಆಟದ ಕೊನೆಯಲ್ಲಿ ಆ ಬಟ್ಟಲಿನದ್ದನ್ನು ಎಸೆಯಬೇಡಿ. ದೋರುಗಾಯನ್ನು ಕಿಟಕಿಯ ಬಳಿ ಇಟ್ಟು ನಾಲ್ಕು ದಿನ ದಿನಕ್ಕೊಮ್ಮೆ ತೋರಿಸಿ. ಬಣ್ಣ ತಿರುಗಿದರೆ ಮಗು ತಾನೇ ಎತ್ತಿ ಬೇರೆ ಬಟ್ಟಲಿಗೆ ಹಾಕುತ್ತದೆ.

ಗಾತ್ರದ ಗೊಂದಲ

ಬಣ್ಣಕ್ಕಿಂತ ಗಾತ್ರ ಕಷ್ಟ. ಕೆಂಪು ಹಣ್ಣು ಎಲ್ಲಿಟ್ಟರೂ ಕೆಂಪೇ. ‘ದೊಡ್ಡದು’ ಹಾಗಲ್ಲ, ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಆಲೂಗಡ್ಡೆ ರಾಶಿಯಲ್ಲಿ ಮಧ್ಯಮ ಗಡ್ಡೆ ಗೋಲಿಗಡ್ಡೆಯ ಮುಂದೆ ದೊಡ್ಡದು, ಮುಷ್ಟಿಗಡ್ಡೆಯ ಮುಂದೆ ಸಣ್ಣದು. ಮಗು ಎರಡು ಸಲ ಎರಡು ಕಡೆ ಹಾಕಿದರೆ ಅದು ತಪ್ಪಿದ್ದಲ್ಲ, ನಿಯಮವೇ ಅಳ್ಳಕವಾಗಿದೆ.

ಪರಿಹಾರ ಕೈಯಲ್ಲೇ ಇದೆ: ಬಳೆ. 2-4 ಅಳತೆಯ ಬಳೆಯ ಒಳ ಅಡ್ಡಳತೆ ಸುಮಾರು 5.7 ಸೆಂಟಿಮೀಟರ್. ಗಾಜಿನದು ಬೇಡ, ಲೋಹದ್ದು ಅಥವಾ ಪ್ಲಾಸ್ಟಿಕ್‌ದು ತೆಗೆದುಕೊಳ್ಳಿ. ಬಳೆಯೊಳಗೆ ತೂರಿದ ಗಡ್ಡೆ ಒಂದು ಬುಟ್ಟಿಗೆ, ತೂರದ್ದು ಇನ್ನೊಂದಕ್ಕೆ. ನಾಲ್ಕು ವರ್ಷದ ಮಗು ಇದನ್ನು ಅರ್ಧ ಗಂಟೆಯಾದರೂ ಬಿಡದೆ ಮಾಡುವುದುಂಟು, ಏಕೆಂದರೆ ಸರಿಯೋ ತಪ್ಪೋ ಎಂದು ಬಳೆಯೇ ಹೇಳುತ್ತದೆ, ಅಮ್ಮ ಹೇಳಬೇಕಾಗಿಲ್ಲ. ಗಡ್ಡೆ ಉದ್ದವಿದ್ದರೆ ನೆಟ್ಟಗೆ ಹಿಡಿದಾಗ ತೂರುತ್ತದೆ, ಅಡ್ಡ ಹಿಡಿದಾಗ ತೂರುವುದಿಲ್ಲ. ಅದು ಬೇಕೆಂದೇ ಮೂರನೇ ಬುಟ್ಟಿಗೆ ಬಂದ ಅತಿಥಿ ಎಂದುಕೊಳ್ಳಿ. ಮಗು ಏನು ಮಾಡುತ್ತದೆ ನೋಡಿ.

ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಹಸನು ಮಾಡುವ ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ಬೀಜ ಎಎ, ಎ, ಬಿ ಎಂದು ದರ್ಜೆಯಾಗುವುದೂ ಹೀಗೆಯೇ, ಜರಡಿಯ ತೂತಿನ ಅಳತೆಯಿಂದ. ಹಣ್ಣೊಂದರಲ್ಲಿ ಎರಡು ಚಪ್ಪಟೆ ಬೀಜದ ಬದಲು ಒಂದೇ ಗುಂಡು ಬೀಜ ಕಟ್ಟಿದರೆ ಅದು ಪೀಬೆರಿ. 4 ವರ್ಷ ದಾಟಿದ, ಬಾಯಿಗಿಡದ ಮಗುವಿಗೆ ಹುರಿಯದ ಒಣ ಬೀಜ 20 ಕೊಟ್ಟು ಚಪ್ಪಟೆ, ಗುಂಡು ಎಂದು ಬೆರಳಲ್ಲೇ ತಡವಿ ಬೇರೆ ಮಾಡಿಸಿ. ಕಣ್ಣು ಮುಚ್ಚಿಸಿದರೆ ಇನ್ನೂ ಚೆನ್ನ.

ನಿಯಮ ಬದಲಿಸಿದಾಗ ಮಗು ಯಾಕೆ ಕೇಳುವುದಿಲ್ಲ

ಈಗ ಕಷ್ಟದ ಹೆಜ್ಜೆ. ಕೆಂಪು ಚೌಕ, ನೀಲಿ ಚೌಕ, ಕೆಂಪು ದುಂಡು ಬಿಲ್ಲೆ, ನೀಲಿ ದುಂಡು ಬಿಲ್ಲೆ ಕೊಡುತ್ತೀರಿ. ಮಗು ಬಣ್ಣದಂತೆ ಬೇರೆ ಮಾಡುತ್ತದೆ. “ಈಗ ಬಣ್ಣ ಬೇಡ, ಆಕಾರದ ಆಟ. ಚೌಕ ಇಲ್ಲಿ, ದುಂಡಗಿನದು ಅಲ್ಲಿ” ಎನ್ನುತ್ತೀರಿ. ಮಗು ತಲೆಯಾಡಿಸುತ್ತದೆ. “ಚೌಕ ಎಲ್ಲಿಗೆ?” ಎಂದರೆ ಬೆರಳು ಮಾಡಿ ಸರಿಯಾಗಿ ತೋರಿಸುತ್ತದೆ. ಕೈಗೆ ಚೌಕ ಕೊಟ್ಟೊಡನೆ ಮತ್ತೆ ಬಣ್ಣದಂತೆಯೇ ಹಾಕುತ್ತದೆ!

ಹಠವಲ್ಲ ಇದು. ಕೆನಡಾದ ಮನಶ್ಶಾಸ್ತ್ರಜ್ಞ ಫಿಲಿಪ್ ಜೆಲಾಜೊ 1990ರ ದಶಕದಲ್ಲಿ ಚಿತ್ರದ ಚೀಟಿಗಳಿಂದ ಇಂಥದ್ದೇ ಪರೀಕ್ಷೆಯನ್ನು ಬೆಳೆಸಿದರು. 3 ವರ್ಷದ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಹೇಳಬಲ್ಲವರಾಗಿದ್ದರೂ ಕೈ ಹಳೆಯದನ್ನೇ ಹಿಡಿಯುತ್ತದೆ. 5ರ ಹೊತ್ತಿಗೆ ಹೆಚ್ಚಿನವರು ಬದಲಾಯಿಸಿಕೊಳ್ಳುತ್ತಾರೆ. ಹಳೆಯ ನಿಯಮವನ್ನು ತಡೆದು ನಿಲ್ಲಿಸುವ ಮಿದುಳಿನ ಭಾಗ ಇನ್ನೂ ಮಾಗುತ್ತಿರುತ್ತದೆ. ಹೀಗಾಗಿ ಮೂರು ವರ್ಷದ ಮಗುವಿಗೆ ಒಂದೇ ಕೂತಲ್ಲಿ ನಿಯಮ ಬದಲಿಸಬೇಡಿ. ಇವತ್ತು ಬಣ್ಣ, ನಾಳೆ ಆಕಾರ.

ನಾಲ್ಕು ದಾಟಿದ ಮೇಲೆ ಬದಲಿಸುವಾಗ ಮೂರು ಉಪಾಯ ಕೆಲಸ ಮಾಡುತ್ತವೆ. ಹಳೆಯ ಬಟ್ಟಲುಗಳನ್ನು ಎತ್ತಿಟ್ಟು ಬೇರೆ ಬಟ್ಟಲು, ಬೇರೆ ಜಾಗ ಮಾಡಿ. ಮಾದರಿಗೆ ಹೊಸದಾಗಿ ಎರಡು ನೀವೇ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ವಸ್ತುವನ್ನು ಹಾಕುವ ಮುನ್ನ “ಇದರ ಆಕಾರ ಏನು?” ಎಂದು ಕೇಳಿ ಮಗುವಿನ ಬಾಯಿಂದಲೇ ಹೇಳಿಸಿ. ‘ಚೌಕ’ ಎಂದು ತಾನೇ ಹೇಳಿದ ಮೇಲೆ ಕೈ ಆ ಮಾತಿನ ಹಿಂದೆ ಹೋಗುತ್ತದೆ. ನೀವು ಹೇಳಿದರೆ ಅಷ್ಟು ಫಲವಿಲ್ಲ.

ಮಳೆಗಾಲದಲ್ಲಿ ಹೊರಗೆ ಬಿಡಲಾಗದ ದಿನಗಳಲ್ಲಿ ಎಲೆಗಳು ಈ ಹೆಜ್ಜೆಗೆ ಬಹಳ ಒಳ್ಳೆಯವು. ಕಾಫಿ, ಹಲಸು, ಮೆಣಸಿನಬಳ್ಳಿ, ಸಿಲ್ವರ್ ಓಕ್, ಬಿದಿರು, ಒಂದೊಂದರಲ್ಲಿ ಮೂರು ಎಲೆ ತಂದು ಒರೆಸಿಡಿ. ಮೊದಲ ದಿನ ಯಾವ ಮರದ್ದು ಎಂದು ಜೋಡಿಸಲಿ. ಮರುದಿನ ಹೊಳೆಯುವುದು, ಹೊಳೆಯದ್ದು: ಕಾಫಿ, ಹಲಸು ಒಂದು ಕಡೆ ಸೇರುತ್ತವೆ. ಮೂರನೇ ದಿನ ಅಂಚು ಸೀಳಿದ್ದು, ಸೀಳಿಲ್ಲದ್ದು: ಸಿಲ್ವರ್ ಓಕ್ ಒಂಟಿಯಾಗುತ್ತದೆ. ಅದರ ಬೆನ್ನು ಬೆಳ್ಳಿ ಬಣ್ಣದ್ದು ಎಂದು ಮಗುವೇ ಮಗುಚಿ ನೋಡಿ ಹೇಳಿದರೆ ನಾಲ್ಕನೇ ದಿನದ ನಿಯಮವನ್ನು ಅದೇ ಕೊಟ್ಟಂತಾಯಿತು. ನೆನ್ನೆ ಜೊತೆಗಿದ್ದ ಎಲೆಗಳು ಇವತ್ತು ಬೇರೆಯಾಗುವುದೇ ಇಲ್ಲಿನ ಪಾಠ. ಎಲೆ ಬದಲಾಗಲಿಲ್ಲ, ನಾವು ಕೇಳಿದ ಪ್ರಶ್ನೆ ಬದಲಾಯಿತು.

ನಿಯಮವನ್ನು ಮಗುವೇ ಮಾಡಲಿ

ನಾಲ್ಕೂವರೆ, ಐದರ ಹೊತ್ತಿಗೆ ಆಟವನ್ನು ತಿರುಗಿಸಿ. 12–15 ಬಗೆಬಗೆಯ ವಸ್ತು ಕೊಟ್ಟು “ನಿಂಗೆ ಹೇಗೆ ಬೇಕೋ ಹಾಗೆ ಗುಂಪು ಮಾಡು, ನಾನು ಯಾವ ಗುಂಪು ಅಂತ ಹೇಳ್ತೀನಿ” ಎನ್ನಿ. ನೀವು ಬೇಕೆಂದೇ ಒಮ್ಮೊಮ್ಮೆ ತಪ್ಪಾಗಿ ಊಹಿಸಿದರೆ ಮಗು ತನ್ನ ನಿಯಮವನ್ನು ಬಿಡಿಸಿ ಹೇಳಬೇಕಾಗುತ್ತದೆ.

ಕೆಲವು ಮಕ್ಕಳು ಗುಂಪು ಮಾಡುವ ಬದಲು ಸಾಲಾಗಿ ಜೋಡಿಸಿ ರೈಲು ಮಾಡುತ್ತಾರೆ, ಮನೆ ಕಟ್ಟುತ್ತಾರೆ. ಐದರೊಳಗೆ ಇದು ತೀರಾ ಸಹಜ. ಕೆಲವರು ಚಾಕು, ಟೊಮೇಟೊ, ತಟ್ಟೆ ಮೂರನ್ನೂ ಒಂದು ಕಡೆ ಇಡುತ್ತಾರೆ, ಏಕೆಂದರೆ “ಅಮ್ಮ ಹೆಚ್ಚುತ್ತಾಳೆ”. ಹೋಲಿಕೆಯಿಂದ ಅಲ್ಲ, ಕತೆಯಿಂದ ಕಟ್ಟಿದ ಗುಂಪು ಅದು. ಅಳಿಸಬೇಡಿ. “ಇದು ಅಡುಗೆ ಮಾಡೋ ಗುಂಪು. ಈಗ ತಿನ್ನೋದನ್ನ ಮಾತ್ರ ಒಂದು ಕಡೆ ಇಡೋಣ್ವಾ?” ಎಂದು ಮುಂದಕ್ಕೆ ಕರೆದೊಯ್ಯಿರಿ.

ಕಾಳು, ಬೇಳೆ, ಕಾಯಿ, ಹಣ್ಣು

ಅಡುಗೆಮನೆಯ ಮಾತುಗಳಲ್ಲೇ ದೊಡ್ಡ ವಿಂಗಡಣೆ ಅಡಗಿದೆ. ಇಡಿಯಾಗಿದ್ದರೆ ಕಾಳು, ಒಡೆದಿದ್ದರೆ ಬೇಳೆ. ಹೆಸರುಕಾಳು, ಹೆಸರುಬೇಳೆ, ತೊಗರಿಕಾಳು, ತೊಗರಿಬೇಳೆ ಒಂದೊಂದು ಚಮಚ ಬೆರೆಸಿ. 4–5 ವರ್ಷದ ಮಗು ಮೊದಲು ಇಡಿ, ಒಡಕು ಎಂದು ಎರಡು ಮಾಡಲಿ. ಇನ್ನೊಂದು ದಿನ ಹೆಸರು, ತೊಗರಿ ಎಂದು ಮಾಡಲಿ. ಎರಡನೆಯದು ನಿಜಕ್ಕೂ ಕಷ್ಟ, ಏಕೆಂದರೆ ಹಸಿರು ಕಾಳು ಸಿಪ್ಪೆ ಕಳಚಿ ಹಳದಿ ಬೇಳೆಯಾಗುತ್ತದೆ, ಬಣ್ಣ ನೋಡಿದರೆ ತೊಗರಿಬೇಳೆಯ ಪಕ್ಕ ಕೂರುತ್ತದೆ. ನೆನೆಸಿದ ಹೆಸರುಕಾಳನ್ನು ಬೆರಳಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ ಒಳಗಿನ ಹಳದಿ ತೋರಿಸಿ. ಕಣ್ಣಿಗೆ ಕಂಡದ್ದರಿಂದ ಒಳಗಿರುವುದಕ್ಕೆ ಮಗು ಹೋಗುವುದು ಇಂಥ ಗಳಿಗೆಯಲ್ಲಿ.

ಸಂತೆಯಿಂದ ಬಂದ ಚೀಲವನ್ನು ನೆಲಕ್ಕೆ ಸುರಿದರೆ ಸೊಪ್ಪು, ಕಾಯಿ, ಗಡ್ಡೆ, ಹಣ್ಣು ನಾಲ್ಕು ಗುಂಪು ಸಿದ್ಧ. ಇಲ್ಲಿ ಮೂರನೇ ಬಟ್ಟಲು ಮಾತಾಡುತ್ತದೆ. ಮೂಲಂಗಿಗೆ ಸೊಪ್ಪೂ ಇದೆ, ಗಡ್ಡೆಯೂ ಇದೆ. ಬಾಳೆ ಒಂದು ವಾರದ ಹಿಂದೆ ಕಾಯಿ, ಇವತ್ತು ಹಣ್ಣು. ನಿಂಬೆ ‘ಹಣ್ಣು’, ಆದರೆ ಬಾಳೆಹಣ್ಣಿನ ಹಾಗೆ ತಿನ್ನುವುದಿಲ್ಲ. ತೆಂಗಿನಕಾಯಿ ಎಷ್ಟು ಬಲಿತರೂ ಕಾಯಿಯೇ. ಇಂಥ ಪ್ರಶ್ನೆಗೆ ಸರಿಯುತ್ತರ ಹೇಳಿ ಮುಗಿಸಿಬಿಡಬೇಡಿ. “ನೀನೇನಂತೀಯ?” ಎಂದು ಕೇಳಿ ಮಗು ಇಟ್ಟ ಜಾಗದಲ್ಲೇ ಬಿಡಿ.

ಗುಂಪಿನೊಳಗಿನ ಗುಂಪು

ಆರು ಅವರೆಕಾಳು, ಎರಡು ಕಡಲೆಕಾಳು ಇಟ್ಟು ಐದು ವರ್ಷದ ಮಗುವನ್ನು ಕೇಳಿ: “ಅವರೆಕಾಳು ಹೆಚ್ಚೋ, ಕಾಳು ಹೆಚ್ಚೋ?” “ಅವರೆಕಾಳು” ಎನ್ನುತ್ತದೆ. ಅವರೆಯನ್ನು ಒಮ್ಮೆ ಎತ್ತಿಟ್ಟ ಮೇಲೆ ಅದರ ಲೆಕ್ಕಕ್ಕೆ ‘ಕಾಳು’ ಎಂದರೆ ಉಳಿದ ಎರಡು ಕಡಲೆ ಮಾತ್ರ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಇದನ್ನೇ ಮಣಿಗಳಿಂದ ಪರೀಕ್ಷಿಸಿ ತೋರಿಸಿದರು. ಸಾಮಾನ್ಯವಾಗಿ 7ರ ಸುಮಾರಿಗೆ ಇದು ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಇದನ್ನು ಉರುಹೊಡೆಸಬೇಡಿ. ದೊಡ್ಡ ತಟ್ಟೆಯೊಳಗೆ ಎರಡು ಬಟ್ಟಲು ಇಟ್ಟು “ಇದು ಅವರೆ, ಇದು ಕಡಲೆ, ತಟ್ಟೆಯಲ್ಲಿರೋದೆಲ್ಲ ಕಾಳು” ಎಂದು ಆಗಾಗ ಹೇಳುತ್ತಿದ್ದರೆ ಸಾಕು.

ಕೊಳೆಯುವುದು, ಕೊಳೆಯದ್ದು

ಹಸಿ ಕಸ, ಒಣ ಕಸವನ್ನು ಬಣ್ಣದಿಂದಲೂ ಆಕಾರದಿಂದಲೂ ಹೇಳಲಾಗದು, ಮುಂದೆ ಏನಾಗುತ್ತದೆ ಎಂಬುದರಿಂದ ಹೇಳಬೇಕು. ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಹೊದಿಕೆ ಎರಡನ್ನೂ ಹೂಕುಂಡದಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತು, ಕಡ್ಡಿ ನೆಟ್ಟು ಗುರುತಿಟ್ಟು, ಮೂರು ನಾಲ್ಕು ವಾರ ತೇವ ಇಟ್ಟು ಅಗೆದು ತೋರಿಸಿ. ಅದಾದ ಮೇಲೆ ಕಸ ಬೇರೆ ಮಾಡುವುದನ್ನು ಮಗುವಿಗೆ ಹೇಳಬೇಕಾಗಿಲ್ಲ, ಮಗುವೇ ನಿಮಗೆ ಹೇಳುತ್ತದೆ.

ಯಾವಾಗ ವಿಚಾರಿಸಬೇಕು

ಮೂರು ದಾಟಿಯೂ ಎರಡು ಒಂದೇ ಥರದ ಚಮಚವನ್ನು ಜೋಡಿ ಮಾಡಲಾಗದೆ, ಮಾತೂ ಹಿಂದೆ ಬಿದ್ದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಕಾಯುತ್ತಾ ಕೂರಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ ಬಂದು ಮಕ್ಕಳ ಬೆಳವಣಿಗೆ ನೋಡಬೇಕು. ಮುಂದಿನ ಭೇಟಿ ಯಾವಾಗ ಎಂದು ಕಾರ್ಯಕರ್ತೆಯನ್ನು ಕೇಳಿ, ಅಷ್ಟು ದಿನ ತಡೆಯದೆ ಮಕ್ಕಳ ವೈದ್ಯರಿಗೂ ತೋರಿಸಬಹುದು. ಬರೀ ವಿಂಗಡಣೆಯಲ್ಲಿ ನಿಧಾನ, ಉಳಿದದ್ದೆಲ್ಲ ಚುರುಕು ಎಂದಾದರೆ ಅದು ಚಿಂತೆಯ ವಿಷಯವಲ್ಲ.

ಹಳೇಬೀಡಿನ ಗೋಡೆ

ಐದು, ಆರು ವರ್ಷದ ಮಗುವಿದ್ದರೆ ಒಂದು ಬೆಳಿಗ್ಗೆ ಹೊಯ್ಸಳೇಶ್ವರ ದೇವಾಲಯಕ್ಕೆ ಕರೆದೊಯ್ಯಿರಿ. 12ನೇ ಶತಮಾನದ ಆ ಹೊರಗೋಡೆಯ ಬುಡದಲ್ಲಿ ಪಟ್ಟಿಯ ಮೇಲೆ ಪಟ್ಟಿ ಓಡುತ್ತದೆ: ತೀರಾ ಕೆಳಗೆ ಆನೆಗಳು, ಮೇಲೆ ಸಿಂಹಗಳು, ಬಳ್ಳಿ, ಕುದುರೆಗಳು, ಇನ್ನೂ ಮೇಲೆ ಕತೆಗಳ ಸಾಲು, ಮಕರಗಳು, ಹಂಸಗಳು. ಆನೆಯ ಸಾಲಿನಲ್ಲಿ ಕುದುರೆ ಇಲ್ಲ. ಕಲ್ಲಿನಲ್ಲೇ ವಿಂಗಡಿಸಿಟ್ಟಿದ್ದಾರೆ.

ಬಿಸಿಲೇರುವ ಮುನ್ನ ಹೋಗಿ. ಜಗಲಿಯ ಮೇಲೆ ನಡೆಯುತ್ತಾ ಮೊದಲ ಸುತ್ತು ಆನೆಯ ಪಟ್ಟಿ ಮಾತ್ರ ನೋಡಿ. ಆನೆಗಳು ಮಗುವಿನ ಕಣ್ಣಿನ ಮಟ್ಟಕ್ಕೆ ಹತ್ತಿರವಾಗಿವೆ, ದೊಡ್ಡವರು ಬಗ್ಗಬೇಕು. “ಎಲ್ಲ ಆನೆಯೇ, ಆದರೆ ಒಂದೇ ಥರ ಇವೆಯಾ?” ಎಂದು ಕೇಳಿ. ಸೊಂಡಿಲು, ಆಭರಣ, ಮೇಲೆ ಕೂತವರು, ಹೀಗೆ ಬೇರೆತನಗಳನ್ನು ಮಗು ಎತ್ತಿ ಹೇಳುತ್ತದೆ. ಒಂದೇ ಗುಂಪಿನವರು ಒಬ್ಬರಂತೆ ಒಬ್ಬರು ಇರಬೇಕಿಲ್ಲ ಎನ್ನುವುದನ್ನು ಕಾಳಿನ ರಾಶಿಯಲ್ಲಿ ತೋರಿಸುವುದು ಕಷ್ಟ, ಇಲ್ಲಿ ಸುಲಭ. ಎರಡನೇ ಸುತ್ತಿನಲ್ಲಿ ಮಗುವೇ ಒಂದು ಪಟ್ಟಿ ಆರಿಸಲಿ. ಎರಡು ಸುತ್ತಿಗೇ ಕಾಲು ದಣಿಯುತ್ತದೆ, ಮೂರನೆಯದಕ್ಕೆ ಎಳೆಯಬೇಡಿ.

ಹೊರಡುವ ಮುನ್ನ ಮಕರದ ಮುಂದೆ ಒಂದು ಗಳಿಗೆ ನಿಲ್ಲಿಸಿ. ಮೊಸಳೆಯ ಬಾಯಿ, ಆನೆಯಂಥ ಸೊಂಡಿಲು, ನವಿಲಿನಂತೆ ಸುರುಳಿ ಬಿಚ್ಚಿದ ಬಾಲ. “ಇದನ್ನು ಯಾವ ಬಟ್ಟಲಿಗೆ ಹಾಕ್ತೀಯ?” ಎಂದು ಕೇಳಿ, ಬಸ್ಸಿನಲ್ಲಿ ಮನೆ ತಲುಪುವವರೆಗೂ ಉತ್ತರಕ್ಕೆ ಸಮಯ ಕೊಡಿ.